ನೀರುಗಂಟಿಗೆ ಕೂಲಿ ಕೊಡುವವರು ಯಾರು?

(ಬಾನುಲಿ ಭಾಷಣ)

ನಮ್ಮ ಹಳೆಯ ಮೈಸೂರು ಸೀಮೆಯ ಕೆರೆಯ ಊರುಗಳಲ್ಲಿ ನೀರುಗಂಟಿ ಎಂಬ ಒಬ್ಬ ಮನುಷ್ಯನಿದ್ದ. ಅವನು ಕೆರೆಯನ್ನು ಕಟ್ಟಿದವನಲ್ಲ, ಕೆರೆಯ ಒಡೆಯನೂ ಅಲ್ಲ. ತೂಬನ್ನು ಎಷ್ಟು ಎತ್ತಬೇಕು, ಯಾವ ಕಾಲುವೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಕಟ್ಟಕಡೆಯ ಗದ್ದೆಗೆ ನೀರು ತಲಪಿತೆ ಇಲ್ಲವೆ ಎಂಬುದನ್ನು ನೋಡಿಕೊಳ್ಳುವುದು ಅವನ ಕೆಲಸ. ಇದಕ್ಕಾಗಿ ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದಲೂ ಅವನಿಗೆ ಇಷ್ಟು ಧಾನ್ಯವೆಂದು ಸಲ್ಲುತ್ತಿತ್ತು. ಕೆಲವೆಡೆ ಇನಾಮು ಭೂಮಿಯೂ ಇರುತ್ತಿತ್ತು. ನೀರು ಬೇಕಾದ ರೈತ ತನ್ನೊಬ್ಬನ ಗದ್ದೆಗೆಂದು ಅವನನ್ನು ಕೂಲಿಗೆ ಕರೆಯುತ್ತಿರಲಿಲ್ಲ. ಊರೇ ಅವನನ್ನು ಇರಿಸಿಕೊಂಡಿತ್ತು. ಕೆರೆ ಕಟ್ಟಿದವರಿಗೆ ಕಟ್ಟುಕೊಡಗೆ, ಕೆರೆಯ ರಕ್ಷಣೆಗೆ ಬಿತ್ತುವಟ್ಟ, ದಶವಂದ ಎಂದು ಭೂಮಿ ಬಿಟ್ಟುಕೊಟ್ಟ ಸಂಗತಿಯನ್ನು ನಮ್ಮ ಶಾಸನಗಳು ಹೇಳುತ್ತವೆ. ನೀರಿನ ದಾರಿಯನ್ನು ಬಲ್ಲವನ ವೆಚ್ಚ ಊರಿನ ವೆಚ್ಚ ಎಂಬ ತಿಳಿವಳಿಕೆ ನಮ್ಮ ಹಿರಿಯರಿಗಿತ್ತು. ಇಂದಿಗೂ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನೀರು ಬಿಡುವ ನೌಕರನನ್ನು ನೀರುಗಂಟಿ ಎಂದೇ ಕರೆಯುತ್ತಾರೆ.

ಈ ಹಳೆಯ ಮಾತನ್ನು ಇಂದು ಎತ್ತಿದ್ದಕ್ಕೆ ಕಾರಣವಿದೆ. ಬೆಂಗಳೂರು ನಗರ, ಅದರಲ್ಲೂ ದಂಡಿನ ಪ್ರದೇಶ ಮತ್ತು ಅದರ ಪೂರ್ವಕ್ಕಿರುವ ಬಡಾವಣೆಗಳು, ಈಗ ಒಂದು ವಿಚಿತ್ರವಾದ ಸ್ಥಿತಿಯಲ್ಲಿವೆ. ಕೊಳಚೆಯನ್ನು ತಿಳಿಗೊಳಿಸುವ ಯಂತ್ರಸ್ಥಾವರಗಳಿವೆ. ತಿಳಿಯಾದ ನೀರೂ ಇದೆ. ಅದನ್ನು ಬಳಸಿರೆಂಬ ಆದೇಶವೂ ಇದೆ. ಆದರೆ ಆ ನೀರನ್ನು ಒಂದು ಹಳೆಯ ಆವರಣದೊಳಕ್ಕೆ ತಂದು, ಕುಡಿಯುವ ನೀರಿನೊಡನೆ ಎಲ್ಲಿಯೂ ಬೆರೆಯದಂತೆ ಶೌಚಾಲಯಕ್ಕೂ ತೋಟಕ್ಕೂ ಮುಟ್ಟಿಸುವ ದಾರಿಯನ್ನು ಹುಡುಕಿಕೊಡಬಲ್ಲ ಮನುಷ್ಯನಿಗೆ ಕೂಲಿ ಕೊಡುವವರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ನಗರದ ಈ ಹೊಸ ನೀರುಗಂಟಿಯನ್ನು ನಾವು ಸಲಹಾ ಎಂಜಿನಿಯರು ಎನ್ನುತ್ತೇವೆ. ಅವನ ವಿಚಾರವಾಗಿ ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಮೊದಲು ನೀರಿನ ಕಥೆ. ಬೆಂಗಳೂರಿಗೆ ನದಿಯಿಲ್ಲ. ಎತ್ತರದ ದಿಣ್ಣೆಯ ಮೇಲೆ ಕೂತ ಊರು ಇದು. 1809ರ ಸುಮಾರಿಗೆ ಇಂಗ್ಲಿಷರ ಸೈನ್ಯ ಹಲಸೂರಿನ ಬಳಿ ಬೀಡುಬಿಟ್ಟಿತು. ಆಗ ದಂಡಿಗೆ ಆಸರೆಯಾದದ್ದು ಗೌಡರ ಕಾಲದ ಹಲಸೂರು ಕೆರೆ ಮತ್ತು ಸುತ್ತಣ ಬಾವಿಗಳು. ಜನ ಹೆಚ್ಚಿದಂತೆ ಮಿಲ್ಲರ್ ಕೆರೆಗಳು ಬಂದವು; 1882ರಲ್ಲಿ ಸ್ಯಾಂಕಿ ಕೆರೆ ಬಂತು. ಅವೂ ಸಾಲದಾದಾಗ 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳವೆಯಲ್ಲಿ ಹರಿದು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ಪೇಟೆ ಮತ್ತು ದಂಡು 1949ರಲ್ಲಿ ಒಂದೇ ನಗರಾಡಳಿತದ ಕೆಳಗೆ ಬಂದವು. 1964ರಲ್ಲಿ ಜಲಮಂಡಲಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿ ಬಂದಳು. ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯ ಕಡೆಯಿಂದ, ಸುಮಾರು 500 ಮೀಟರು ಎತ್ತರಕ್ಕೆ, ಮೂರು ಹಂತಗಳಲ್ಲಿ ಎತ್ತಿ ಎತ್ತಿ ತಂದ ನೀರು ಅದು. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದರಿಂದ ದಿನಕ್ಕೆ 77.5 ಕೋಟಿ ಲೀಟರು ನೀರು ಹೆಚ್ಚಿಗೆ ಬರಬೇಕೆಂಬುದು ಲೆಕ್ಕ.

ಈ ಕಥೆಯಲ್ಲಿ ಒಂದು ವಿಶೇಷವನ್ನು ತಾವು ಗಮನಿಸಿರಬಹುದು. ಪ್ರತಿಯೊಂದು ತಲೆಮಾರೂ ‘ಇನ್ನೂ ನೀರು ಎಲ್ಲಿದೆ?’ ಎಂದು ಕೇಳುತ್ತ ಹತ್ತಿರದ ಕೆರೆಯಿಂದ ದೂರದ ನದಿಗೆ ಹೋಯಿತು. ‘ಬಂದ ನೀರು ಎಲ್ಲಿಗೆ ಹೋಯಿತು?’ ಎಂದು ಕೇಳಿದವರು ಕಡಿಮೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಕ್ಕೆ ಹೋಗುತ್ತದೆಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಅಷ್ಟು ದೂರದಿಂದ, ಅಷ್ಟು ವಿದ್ಯುತ್ತನ್ನು ಸುಟ್ಟು ಮೇಲೆತ್ತಿದ ಕಾವೇರಿಯ ಬಹುಭಾಗ ಒಂದೇ ಸಲದ ಬಳಕೆಗೆ ಒದಗಿ ಮೋರಿ ಸೇರುತ್ತದೆಂದಾಯಿತು.

ಅದು ಹೋಗುವ ದಾರಿ ಯಾವುದು? ದಂಡಿನ ಇಳಿಜಾರು, ಹಲಸೂರು, ಇಂದಿರಾನಗರ, ದೊಮ್ಮಲೂರು, ಈ ಭಾಗಗಳ ನೀರು ಕೋರಮಂಗಲ–ಚಲ್ಲಘಟ್ಟದ ಕಣಿವೆಗೆ ಇಳಿದು ಬೆಳ್ಳಂದೂರಿನತ್ತ ಸಾಗುತ್ತದೆ. ಅಲ್ಲಿರುವ ಸಂಸ್ಕರಣಾ ಸ್ಥಾವರಗಳು ಅದನ್ನು ತಿಳಿಗೊಳಿಸುತ್ತವೆ. ತಿಳಿಯಾದ ನೀರನ್ನು ಕೋಲಾರದ ಬತ್ತಿದ ಕೆರೆಗಳಿಗೆ ತುಂಬಿಸುವ ಯೋಜನೆ 2018ರ ಜೂನ್ ತಿಂಗಳಲ್ಲಿ ಫಲ ಕೊಟ್ಟಿತು. ಲಕ್ಷ್ಮೀಸಾಗರದ ಕೆರೆಗೆ ನೀರು ಬಂದು ಬಿತ್ತು. ದಿನಕ್ಕೆ 44 ಕೋಟಿ ಲೀಟರು ಕೊಡುವ ಯೋಜನೆ ಅದು. ಆ ನೀರನ್ನು ಇನ್ನೂ ಒಂದು ಹಂತ ಮೇಲೆ ಶುದ್ಧಿಮಾಡಿ ಕಳುಹಬೇಕಿತ್ತೆಂಬ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆ ವಾದಕ್ಕೆ ಬಲವಿದೆ. ಅದು ಹಾಗಿರಲಿ, ಬರದಲ್ಲಿ ಬೆಂದ ಸೀಮೆಗೆ ನೆಲದಡಿಯ ನೀರು ಮರಳಲು ಆ ಕೆರೆಗಳು ನೆರವಾಗಿರುವುದೂ ಸತ್ಯ.

ಇಲ್ಲಿ ಒಂದು ಸೋಜಿಗವಿದೆ. ಹಳೆಯ ಮದರಾಸು ರಸ್ತೆ ಹಲಸೂರನ್ನು ಬಿಟ್ಟು, ಇಂದಿರಾನಗರದ ಅಂಚನ್ನು ಸವರಿ, ಕೃಷ್ಣರಾಜಪುರ, ಹೊಸಕೋಟೆಗಳನ್ನು ದಾಟಿ ಕೋಲಾರಕ್ಕೆ ಹೋಗುತ್ತದೆ. ಕೊಳವೆಯ ದಾರಿ ಬೇರೆಯಾದರೂ ದಿಕ್ಕು ಅದೇ. ಹಲಸೂರಿನವರು ಮಿಂದ ನೀರು ಕೋಲಾರದ ಕೆರೆಯನ್ನು ಮುಟ್ಟಿತು. ಆದರೆ ಅದೇ ಹಲಸೂರಿನ ಒಂದು ಹಳೆಯ ಕಟ್ಟಡದ ಶೌಚಾಲಯವನ್ನು ಅದು ಮುಟ್ಟಲಾರದು. ಅಲ್ಲಿಗೆ ಇಂದಿಗೂ ಕಾವೇರಿಯೇ ಬೇಕು. ಇಲ್ಲವೆ ಟ್ಯಾಂಕರ್ ಲಾರಿ ಬರಬೇಕು.

2023ರ ಮಳೆಗಾಲ ಕೈಕೊಟ್ಟಿತು. ಮುಂದಿನ ಬೇಸಗೆಯಲ್ಲಿ ಕೃಷ್ಣರಾಜಪುರದ ಕಡೆಯ, ಕೊಳವೆಬಾವಿಗಳನ್ನೇ ನಂಬಿದ್ದ ಬಡಾವಣೆಗಳ ಜನ ಬಿಂದಿಗೆ ಹಿಡಿದು ಸಾಲುನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. 2024ರ ಮಾರ್ಚಿಯಲ್ಲಿ ಜಲಮಂಡಲಿ ಒಂದು ಆಜ್ಞೆ ಹೊರಡಿಸಿತು: ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಟ್ಟಲು ಕುಡಿಯುವ ನೀರನ್ನು ಬಳಸಕೂಡದು, ತಪ್ಪಿದರೆ 5,000 ರೂಪಾಯಿ ದಂಡ. ಬಳಸಬೇಕಾದವರು ಸಂಸ್ಕರಿಸಿದ ನೀರನ್ನು ಬಳಸಲಿ ಎಂಬುದು ಅದರ ಆಶಯ. ಆಜ್ಞೆ ಸರಿಯಾದದ್ದೇ. ಆದರೆ ದಂಡದ ಭಯ ಕಾರು ತೊಳೆಯುವವನ ಕೈಯನ್ನು ತಡೆಯಬಲ್ಲುದು. ಗೋಡೆಯೊಳಗೆ ಹುದುಗಿದ ಕೊಳವೆಯನ್ನು ಎರಡಾಗಿ ಸೀಳಲಾರದು.

ಹೊಸದಾಗಿ ಏಳುವ ದೊಡ್ಡ ಕಟ್ಟಡಗಳ ಮಾತು ಬೇರೆ. ಕುಡಿಯುವ ನೀರಿಗೊಂದು, ಮರುಬಳಕೆಯ ನೀರಿಗೊಂದು ಎಂದು ಜೋಡಿ ಕೊಳವೆಗಳನ್ನು ಅವು ಮೊದಲೇ ಹಾಕಬೇಕೆಂಬ ಕಟ್ಟಳೆಯಿದೆ. ದಂಡಿನ ಪ್ರದೇಶದ ಸಂಪತ್ತೆಲ್ಲ ಹಳೆಯ ಆವರಣಗಳು. ಶಾಲೆಗಳು, ಆಸ್ಪತ್ರೆಗಳು, ಕಚೇರಿಗಳು, ಛತ್ರಗಳು, ಮಾರುಕಟ್ಟೆಗಳು, ವಿದ್ಯಾರ್ಥಿನಿಲಯಗಳು. ಇವುಗಳಿಗೆ ಇರುವುದು ಒಂದೇ ಸಂಪು, ಒಂದೇ ಮೇಲ್ತೊಟ್ಟಿ, ಒಂದೇ ಕೊಳವೆ. ಅಡಿಗೆಮನೆಯ ನಲ್ಲಿಗೂ ಶೌಚಾಲಯದ ತೊಟ್ಟಿಗೂ ಅದೇ ನೀರು.

ಇದರಿಂದಾಗುವ ನಷ್ಟ ಎಷ್ಟೆಂಬುದನ್ನು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಿಂದಲೇ ತಿಳಿಯಬಹುದು. ಮನೆಯಲ್ಲಿ ಒಬ್ಬನಿಗೆ ದಿನಕ್ಕೆ 135 ಲೀಟರು ಬೇಕೆಂದರೆ ಅದರಲ್ಲಿ 45 ಲೀಟರು ಶೌಚಾಲಯಕ್ಕೆ ಸುರಿಯುವ ನೀರು. ಕಚೇರಿಯಲ್ಲಿ ಒಬ್ಬನಿಗೆ 45 ಲೀಟರಾದರೆ ಅದರಲ್ಲಿ 20 ಲೀಟರು ಅದಕ್ಕೇ ಹೋಗುತ್ತದೆ. 500 ಜನ ಕೆಲಸ ಮಾಡುವ ಒಂದು ಕಚೇರಿ ದಿನಕ್ಕೆ 10,000 ಲೀಟರು ಕುಡಿಯುವ ನೀರನ್ನು ಹೀಗೆ ಕಳೆಯುತ್ತದೆ. ತೋಟದ ಲೆಕ್ಕ ಬೇರೆ.

2024ರ ಆ ಬೇಸಗೆಯಲ್ಲಿ ಎಂಜಿನಿಯರು ಮಿತ್ರರೊಬ್ಬರೊಡನೆ ಶಿವಾಜಿನಗರದ ಒಂದು ಹಳೆಯ ಆವರಣಕ್ಕೆ ನಾನು ಹೋಗಿದ್ದೆ. ಅದರ ಹೆಸರು ಇಲ್ಲಿ ಬೇಡ; ಅಂಥವು ಹತ್ತಾರಿವೆ. ಸಂಸ್ಕರಿಸಿದ ನೀರನ್ನು ತರಿಸಿಕೊಳ್ಳಲು ಆಡಳಿತದವರು ಮನಸ್ಸು ಮಾಡಿದ್ದರು. ನಲ್ಲಿ ಕೆಲಸದ ಮೇಸ್ತ್ರಿಯೊಬ್ಬರು ನಮ್ಮನ್ನು ಸುತ್ತಾಡಿಸಿದರು. ಅರವತ್ತು ದಾಟಿದ ಮನುಷ್ಯ. ‘ಮೇಸ್ತ್ರಿಗಳೆ, ಈ ಕೊಳಾಯಿ ಲೈನುಗಳ ನಕ್ಷೆ ಏನಾದರೂ ಇದೆಯೆ?’ ಎಂದು ಮಿತ್ರರು ಕೇಳಿದರು. ಆತ ನಕ್ಕರು. ‘ನಕ್ಷೆ ಎಲ್ಲಿ ಬಂತು ಸಾರ್? ಇದು ನಮ್ಮಪ್ಪ ಹಾಕಿದ ಲೈನು. ಅವರು ತೋರಿಸಿದಷ್ಟು ನನಗೆ ಗೊತ್ತು. ಆ ಗೋಡೆಯಾಚೆ ಯಾರು ಯಾರೋ ಬಂದು ಏನೇನೋ ಜೋಡಿಸಿದ್ದಾರೆ. ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅನ್ನೋದು ಆ ದೇವರಿಗೇ ಗೊತ್ತು’ ಎಂದರು.

ಮಿತ್ರರು ತಮ್ಮ ಅಭಿಪ್ರಾಯ ಕೊಟ್ಟರು: ಮೊದಲು ಇಡೀ ಆವರಣದ ಸಮೀಕ್ಷೆಯಾಗಬೇಕು, ನಕ್ಷೆ ಬರೆಯಬೇಕು, ಆಮೇಲೆ ಕೊಳವೆಯ ಮಾತು. ಸಮೀಕ್ಷೆಗೆ ತಗಲುವ ಶುಲ್ಕವನ್ನು ಕೇಳಿದಾಗ ಸಮಿತಿಯ ಹಿರಿಯರೊಬ್ಬರು, ‘ಪೈಪಿಗಾದರೆ ಕೊಡೋಣ, ಕಾಗದಕ್ಕೆ ಯಾಕೆ ಕೊಡಬೇಕು?’ ಎಂದರು. ಮಾತು ಅಲ್ಲಿಗೇ ನಿಂತಿತು. ಆ ಆವರಣಕ್ಕೆ ಇಂದಿಗೂ ಕುಡಿಯುವ ನೀರಿನ ಟ್ಯಾಂಕರೇ ಬರುತ್ತಿದೆ.

ಆ ಹಿರಿಯರನ್ನು ನಾನು ದೂರುವುದಿಲ್ಲ. ಕೈಗೆ ಸಿಕ್ಕುವ ವಸ್ತುವಿಗೆ ಹಣ ಕೊಡುವುದು ನಮಗೆ ಸುಲಭ. ತಿಳಿವಳಿಕೆಗೆ ಹಣ ಕೊಡುವುದು ಕಷ್ಟ. ಆದರೆ ಈ ‘ಕಾಗದ’ ಏನೆಂಬುದನ್ನು ಸ್ವಲ್ಪ ನೋಡೋಣ.

ಸಲಹಾ ಎಂಜಿನಿಯರು ಮೊದಲು ಮಾಡಬೇಕಾದ ಕೆಲಸ ಹುಡುಕಾಟ. ಪ್ರತಿಯೊಂದು ನಲ್ಲಿಗೂ ನೀರು ಎಲ್ಲಿಂದ ಬರುತ್ತದೆಂದು ಕಂಡುಹಿಡಿದು ಬರೆಯಬೇಕು. ಯಾವ ಬಳಕೆಗೆ ಯಾವ ನೀರು ಸಾಕು, ಎಷ್ಟು ಬೇಕು ಎಂದು ವಿಂಗಡಿಸಬೇಕು. ಬೇರೆ ತೊಟ್ಟಿ ಎಲ್ಲಿ ಕೂರಬೇಕು, ಹಳೆಯ ಗೋಡೆ ಆ ಭಾರವನ್ನು ತಾಳೀತೆ ಎಂದು ನೋಡಬೇಕು. ಮರುಬಳಕೆಯ ನೀರು ಬಾರದ ದಿನ ಆ ತೊಟ್ಟಿಗೆ ಕಾವೇರಿಯನ್ನೇ ತುಂಬಬೇಕಾಗುತ್ತದೆ. ಆಗ ಕಾವೇರಿಯ ಕೊಳವೆಯ ಬಾಯಿ ತೊಟ್ಟಿಯ ನೀರಿನಲ್ಲಿ ಮುಳುಗಿರದೆ ಸಾಕಷ್ಟು ಮೇಲಿನಿಂದ ನೀರು ಬೀಳುವಂತಿರಬೇಕು. ಇಲ್ಲವಾದರೆ ಒತ್ತಡ ಕುಗ್ಗಿದ ಹೊತ್ತಿನಲ್ಲಿ ತೊಟ್ಟಿಯ ನೀರು ಹಿಮ್ಮುಖವಾಗಿ ಕುಡಿಯುವ ನೀರಿನ ಕೊಳವೆಯನ್ನು ಹೊಕ್ಕುಬಿಡುತ್ತದೆ. ಹೊಸ ಕೊಳವೆಗೆ ಬೇರೆಯ ಬಣ್ಣ ಬೇಕು. ಲೋಕದ ಹಲವೆಡೆ ಇದಕ್ಕೆ ನೇರಳೆಯ ಬಣ್ಣವನ್ನು ಗುರುತಾಗಿ ಇಟ್ಟುಕೊಂಡಿದ್ದಾರೆ. ನಲ್ಲಿಯ ಮೇಲೆ ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕ ಬೇಕು. ಶಿವಾಜಿನಗರದಂಥ ಕಡೆ ಅದು ಕನ್ನಡದ ಜೊತೆಗೆ ಉರ್ದು, ತಮಿಳುಗಳಲ್ಲೂ ಇದ್ದರೆ ಒಳ್ಳೆಯದು.

ಕಡೆಯದು ಪರೀಕ್ಷೆ. ಒಂದು ನೀರಿನ ದಾರಿಯನ್ನು ಪೂರ್ತಿ ಮುಚ್ಚಿ, ಒತ್ತಡ ಇಳಿಸಿ, ಅದರ ನಲ್ಲಿಗಳನ್ನೆಲ್ಲ ತೆರೆದಿಡಬೇಕು. ಎಲ್ಲಿಯಾದರೂ ಒಂದು ನಲ್ಲಿಯಲ್ಲಿ ನೀರು ನಿಲ್ಲದೆ ಬರುತ್ತಿದ್ದರೆ, ಗೋಡೆಯೊಳಗೆ ಎಲ್ಲಿಯೋ ಎರಡು ನೀರುಗಳು ಕೂಡಿವೆಯೆಂದು ಅರ್ಥ. ಇನ್ನೊಂದು ದಾರಿಗೂ ಹೀಗೆಯೇ ಮಾಡಬೇಕು. ಕೇಳಲು ಸರಳ, ಮಾಡಲು ತಾಳ್ಮೆ ಬೇಕು, ಪ್ರಾಮಾಣಿಕತೆ ಬೇಕು.

ಇದನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಹಾಲೆಂಡಿನಲ್ಲಿ ಒಂದು ನಿದರ್ಶನವಿದೆ. ಉಟ್ರೆಕ್ಟ್ ನಗರದ ಹೊಸ ಬಡಾವಣೆಯಾದ ಲೈಡ್ಸೆ ರೈನಿನಲ್ಲಿ ಮನೆಗಳಿಗೆ ಎರಡು ಬಗೆಯ ನೀರನ್ನು ಕೊಟ್ಟಿದ್ದರು: ಕುಡಿಯಲು ಒಂದು, ಶೌಚಾಲಯಕ್ಕೂ ಬಟ್ಟೆ ಒಗೆಯಲೂ ಅರೆ ಶುದ್ಧಿಗೊಳಿಸಿದ ಇನ್ನೊಂದು. 2001ರ ಕೊನೆಯಲ್ಲಿ ಅಲ್ಲಿ ಎರಡು ಕೊಳವೆಗಳು ತಪ್ಪಾಗಿ ಕೂಡಿಕೊಂಡವು. ಜನ ವಾಂತಿಭೇದಿಯಿಂದ ನರಳಿದರು. 2003ರಲ್ಲಿ ಅಲ್ಲಿನ ಸರ್ಕಾರ ದೊಡ್ಡ ಪ್ರಮಾಣದ ಜೋಡಿ ಕೊಳವೆಯ ವ್ಯವಸ್ಥೆಯನ್ನೇ ನಿಲ್ಲಿಸಿಬಿಟ್ಟಿತು. ನೀರು ಕೆಟ್ಟದ್ದಕ್ಕಿಂತ ಹೆಚ್ಚಾಗಿ ಅಲ್ಲಿ ನಂಬಿಕೆ ಕೆಟ್ಟಿತು. ಹಲಸೂರಿನ ಒಂದು ಶಾಲೆಯಲ್ಲಿ ಹೀಗೊಂದು ಅನಾಹುತವಾದರೆ ಇಡೀ ಬೆಂಗಳೂರು ಇಪ್ಪತ್ತು ವರ್ಷ ಈ ನೀರಿನ ಹೆಸರೆತ್ತದು. ನೂರು ಆವರಣಗಳಲ್ಲಿ ಸರಿಯಾಗಿ ಮಾಡಿದ ಕೆಲಸವನ್ನು ಒಂದು ಆವರಣದ ಅಜಾಗ್ರತೆ ನುಂಗಿಹಾಕುತ್ತದೆ. ಆದ್ದರಿಂದ ಇದು ಆ ಆವರಣದ ಒಡೆಯನೊಬ್ಬನ ಚಿಂತೆಯಲ್ಲ.

ಇದನ್ನು ಮೊದಲೇ ಕಂಡುಕೊಂಡ ಊರುಗಳಿವೆ. ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಇರ್ವೈನ್ ಎಂಬಲ್ಲಿ 1967ರಿಂದ ಮರುಬಳಕೆಯ ನೀರನ್ನು ಹೊಲಗಳಿಗೆ ಕೊಡುತ್ತ ಬಂದು, 1991ರಲ್ಲಿ ಕಟ್ಟಡಗಳ ಒಳಗಿನ ಶೌಚಾಲಯಗಳಿಗೂ ಒಯ್ಯಲು ಅನುಮತಿ ಪಡೆದರು. ದಕ್ಷಿಣ ಕ್ಯಾಲಿಫೋರ್ನಿಯಾದ ಮೆಟ್ರೊಪಾಲಿಟನ್ ವಾಟರ್ ಡಿಸ್ಟ್ರಿಕ್ಟ್ ಎಂಬ ದೊಡ್ಡ ಜಲಸಂಸ್ಥೆ 2014ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗ್ರಾಹಕ ತನ್ನ ಆವರಣವನ್ನು ಮರುಬಳಕೆಯ ನೀರಿಗೆ ಮಾರ್ಪಡಿಸಿಕೊಂಡರೆ, ಉಳಿಯುವ ಕುಡಿಯುವ ನೀರಿನ ಲೆಕ್ಕ ಹಿಡಿದು ಸಹಾಯಧನ ಕೊಡಲು ತೊಡಗಿತು. ಕೊಳವೆಯ ವೆಚ್ಚದ ಜೊತೆಗೆ ನಕ್ಷೆಯ ವೆಚ್ಚ, ಪರವಾನಗಿಯ ವೆಚ್ಚಗಳಿಗೂ ಅದರಲ್ಲಿ ಎಡೆಯಿತ್ತು. ಇದು ದಾನಬುದ್ಧಿಯಲ್ಲ, ಲೆಕ್ಕಾಚಾರ. ದೂರದಿಂದ ಹೊಸ ನೀರನ್ನು ತರುವುದಕ್ಕಿಂತ ಇರುವ ನೀರಿಗೆ ದಾರಿ ಮಾಡಿಕೊಡುವುದು ಅವರಿಗೆ ಲಾಭವೆಂದು ಕಂಡಿತು.

ನಮ್ಮಲ್ಲಿ ಇದಕ್ಕೆ ತಕ್ಕ ನೆಲೆ ಇಲ್ಲದಿಲ್ಲ. ಕಬ್ಬನ್ ಉದ್ಯಾನದೊಳಗೇ ಕೊಳಚೆಯನ್ನು ಶುದ್ಧಿಮಾಡಿ ಗಿಡಮರಗಳಿಗೆ ಉಣಿಸುವ ಸ್ಥಾವರವಿದೆ, ಲಾಲ್‌ಬಾಗಿನಲ್ಲಿಯೂ ಇದೆ. ಯಲಹಂಕದ ಸ್ಥಾವರದ ನೀರು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವಂತಾಯಿತು. ಆದರೆ ಇವೆಲ್ಲ ದೊಡ್ಡವರ ಕಥೆಗಳು. ವಿಮಾನ ನಿಲ್ದಾಣಕ್ಕೆ ತನ್ನದೇ ಎಂಜಿನಿಯರುಗಳ ಪಡೆಯಿರುತ್ತದೆ. ಶಿವಾಜಿನಗರದ ಒಂದು ಶಾಲೆಗೆ, ಹಲಸೂರಿನ ಒಂದು ಛತ್ರಕ್ಕೆ, ಕೃಷ್ಣರಾಜಪುರದ ಒಂದು ಚಿಕ್ಕ ಕಾರ್ಖಾನೆಗೆ ಯಾರಿದ್ದಾರೆ?

ನನ್ನ ಸೂಚನೆ ಇಷ್ಟೆ. ಸಮೀಕ್ಷೆ, ನಕ್ಷೆ, ಪರೀಕ್ಷೆ, ಈ ಮೂರರ ಶುಲ್ಕವನ್ನು ಜಲಮಂಡಲಿಯೇ ಭರಿಸಲಿ. ಕೊಳವೆ ಮತ್ತು ತೊಟ್ಟಿಯ ಹಣವನ್ನು ಆವರಣದವರು ಕೊಡಲಿ. ಬೇಕಾದರೆ ನೀರಿನ ಬಿಲ್ಲಿನೊಡನೆ ಕಂತುಗಳಲ್ಲಿ ತೀರಿಸಲಿ.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳು ನನಗೆ ಕಾಣದೆ ಇಲ್ಲ. ಸಾರ್ವಜನಿಕರ ಹಣವನ್ನು ಖಾಸಗಿ ಆವರಣದೊಳಗೆ ಸುರಿಯುವುದು ನ್ಯಾಯವೆ ಎಂದು ಕೇಳಬಹುದು. ಉಳಿತಾಯದ ಬಹುಭಾಗ ಯಾರದೆಂದು ನೋಡಿದರೆ ಉತ್ತರ ಸಿಕ್ಕುತ್ತದೆ. ಕಚೇರಿಯೊಂದು 10,000 ಲೀಟರು ಕಾವೇರಿಯನ್ನು ಬಿಟ್ಟುಕೊಟ್ಟರೆ ಆ ನೀರು ಕೃಷ್ಣರಾಜಪುರದ ಬಿಂದಿಗೆಗೆ ಒದಗುತ್ತದೆ. ಲಾಭ ಊರಿನದಾದ ಮೇಲೆ ದಾರಿ ತೋರಿದವನ ಕೂಲಿಯೂ ಊರಿನದೇ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಸಲಹೆಗಾರರಿಗೆ ಹಣ ಕೊಟ್ಟರೆ ದಪ್ಪ ದಪ್ಪ ವರದಿಗಳು ಬರುತ್ತವೆ, ನೀರು ಬರುವುದಿಲ್ಲ ಎಂಬ ಅನುಭವ ನಮ್ಮ ನಾಡಿಗೆ ಸಾಕಷ್ಟಿದೆ. ಅದಕ್ಕೆ ಕಟ್ಟುಪಾಡು ಬೇಕು. ಶುಲ್ಕದ ಒಂದು ಪಾಲು ನಕ್ಷೆ ಒಪ್ಪಿಸಿದಾಗ, ಇನ್ನೊಂದು ಪಾಲು ಪರೀಕ್ಷೆ ಮುಗಿದು ನೀರು ಹರಿದಾಗ, ಉಳಿದದ್ದು ಒಂದು ವರ್ಷದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿದಾಗ ಸಲ್ಲಬೇಕು. ನಕ್ಷೆಯ ಒಂದು ಪ್ರತಿ ಆ ಆವರಣದ ಪಂಪಿನ ಕೋಣೆಯ ಗೋಡೆಯ ಮೇಲೆ, ಮೇಸ್ತ್ರಿಗೆ ಕಾಣುವಂತೆ, ಅವರು ಓದಬಲ್ಲ ಭಾಷೆಯಲ್ಲಿ ಇರಬೇಕು. ಪಂಪು, ಕೊಳವೆ, ಯಂತ್ರಗಳನ್ನು ಮಾರುವವನು ಸಲಹೆಗಾರನಾಗಕೂಡದು. ಔಷಧದ ಅಂಗಡಿಯವನೇ ವೈದ್ಯನಾದರೆ ಎಲ್ಲರಿಗೂ ರೋಗ ಕಂಡೀತು. ಮತ್ತು ಆ ಅರವತ್ತು ದಾಟಿದ ಮೇಸ್ತ್ರಿಯಂಥವರನ್ನು ಜೊತೆಗೆ ಕರೆದುಕೊಂಡೇ ಸಮೀಕ್ಷೆ ನಡೆಯಬೇಕು. ಅವರ ಆ ದಿನಗಳ ಕೂಲಿಯೂ ಲೆಕ್ಕಕ್ಕೆ ಬರಬೇಕು. ನಮ್ಮ ಊರಿನ ಅರ್ಧ ನಕ್ಷೆ ಇರುವುದು ಅವರ ತಲೆಯಲ್ಲಿ. ಅವರು ಹೋದರೆ ಅದೂ ಹೋಗುತ್ತದೆ.

ಮೂರನೆಯದು ಕೋಲಾರದ ಪ್ರಶ್ನೆ. ನೀರನ್ನು ಇಲ್ಲೇ ಬಳಸಿಬಿಟ್ಟರೆ ಅಲ್ಲಿನ ಕೆರೆಗಳ ಗತಿಯೇನು? ತೋಟಕ್ಕೆ ಹಾಕಿದ ನೀರು ನೆಲಕ್ಕೂ ಆಕಾಶಕ್ಕೂ ಹೋಗುತ್ತದೆ, ನಿಜ. ಆದರೆ ಶೌಚಾಲಯಕ್ಕೆ ಹಾಕಿದ ನೀರು ಮತ್ತೆ ಒಳಚರಂಡಿಗೇ ಬಂದು, ಮತ್ತೆ ಕಣಿವೆಗೇ ಇಳಿಯುತ್ತದೆ. ಮರುಬಳಕೆಯ ನೀರು ಶೌಚಾಲಯವನ್ನು ಹಾದುಹೋದರೆ ಕೋಲಾರಕ್ಕೆ ಹೆಚ್ಚಿನ ನಷ್ಟವಿಲ್ಲ. ಕಾವೇರಿಗೆ ಮಾತ್ರ ಉಳಿತಾಯ. ಯಾವ ಬಳಕೆ ಮೊದಲು ಎಂದು ನಿರ್ಧರಿಸುವಾಗ ಈ ವಿವೇಕ ಇರಬೇಕು.

ಇನ್ನು ಮನಸ್ಸಿನ ಮಾತು. ಕೊಳಚೆಯಿಂದ ಬಂದ ನೀರೆಂದರೆ ನಮ್ಮ ಜನ ಹೇಸುತ್ತಾರೆ, ಮಡಿ ಮೈಲಿಗೆಯ ನಾಡು ಇದು ಎನ್ನುವವರಿದ್ದಾರೆ. ನನಗೆ ಅಷ್ಟು ನಿರಾಶೆಯಿಲ್ಲ. ನೀರನ್ನು ಬೇರೆ ಬೇರೆ ಇಡುವುದನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಕುಡಿಯುವ ನೀರಿನ ಬಿಂದಿಗೆ ಬೇರೆ, ಬಚ್ಚಲ ಹಂಡೆ ಬೇರೆ, ಮುಸುರೆ ತಿಕ್ಕುವ ನೀರು ಬೇರೆ. ಬೆಂಗಳೂರಿನ ಮನೆಗಳಲ್ಲಿ ‘ಸಿಹಿನೀರು’, ‘ಉಪ್ಪುನೀರು’ ಎಂಬ ಮಾತು ಎಷ್ಟೋ ವರ್ಷಗಳಿಂದ ಬಳಕೆಯಲ್ಲಿದೆ. ಕಾವೇರಿ ಬರುವ ನಲ್ಲಿ ಇದು, ಬೋರಿನ ನೀರು ಬರುವ ನಲ್ಲಿ ಅದು ಎಂದು ಮಕ್ಕಳೂ ಬಲ್ಲರು. ಹೀಗೆ ಎರಡು ನೀರುಗಳೊಡನೆ ಬದುಕಿದವರಿಗೆ ಮೂರನೆಯದೊಂದು ಹೊರೆಯಾಗಲಾರದು. ಅವರಿಗೆ ಬೇಕಾದದ್ದು ಒಂದೇ ಭರವಸೆ: ಅದು ಇದರೊಡನೆ ಬೆರೆಯುವುದಿಲ್ಲ ಎಂಬುದು. ಆ ಭರವಸೆಯನ್ನು ಆಜ್ಞೆ ಕೊಡಲಾರದು, ಜಾಹೀರಾತು ಕೊಡಲಾರದು. ಆವರಣದೊಳಕ್ಕೆ ಬಂದು, ನಲ್ಲಿ ನಲ್ಲಿಯನ್ನೂ ತೆರೆದು ನೋಡಿ, ತನ್ನ ಹೆಸರನ್ನು ಬರೆದು ರುಜು ಹಾಕುವ ಒಬ್ಬ ಜವಾಬ್ದಾರಿಯ ಮನುಷ್ಯ ಮಾತ್ರ ಕೊಡಬಲ್ಲ.

ನಾವು ನೂರು ಕಿಲೋಮೀಟರು ಉದ್ದದ ಕೊಳವೆಗೆ ಹಣ ಹೊಂದಿಸಿದವರು. ಬೀದಿಯಿಂದ ಬಚ್ಚಲಿನವರೆಗಿನ ಕೊನೆಯ ಐವತ್ತು ಅಡಿಗೆ ಕೈ ಬಿಗಿಹಿಡಿಯುತ್ತಿದ್ದೇವೆ. ಕಟ್ಟಕಡೆಯ ಗದ್ದೆಗೆ ನೀರು ಮುಟ್ಟದಿದ್ದರೆ ಕೆರೆ ತುಂಬಿಯೂ ಫಲವಿಲ್ಲವೆಂದು ನಮ್ಮ ಹಳ್ಳಿಯವರು ಬಲ್ಲವರಾಗಿದ್ದರು. ಅದಕ್ಕೇ ಅವರು ಸುಗ್ಗಿಯ ರಾಶಿ ಮನೆ ಸೇರುವ ಮುನ್ನವೇ ಕಣದಲ್ಲಿ ನೀರುಗಂಟಿಯ ಪಾಲನ್ನು ಅಳೆದು ಕೊಡುತ್ತಿದ್ದರು.